ಸಾದಿಲ್ವಾರು ಖರ್ಚು

ಹನ್ನೊಂದು ಭಾನುವಾರ ನಮ್ಮ ಮನೆಯ ತೂಕದ ಯಂತ್ರ ಒಂದೇ ಮಾತನ್ನು ಹೇಳಿತು. ೨೦೨೪ರ ಜೂನ್ ನಡುವಿನಿಂದ ಆಗಸ್ಟ್ ಕೊನೆಯವರೆಗೆ, ಬೆಳಿಗ್ಗೆ ಚಹಾಕ್ಕೆ ಮುಂಚೆ ಅದರ ಮೇಲೆ ನಿಂತರೆ ೭೬.೪ ಕಿಲೊ. ಉದಾರ ಮನಸ್ಸು ಬಂದ ದಿನ ೭೬.೩, ಸಿಟ್ಟು ಬಂದ ದಿನ ೭೬.೬. ನಡುವೆ ಒಂದೇ ಒಂದು ಭಾನುವಾರ ಬೇರೆ ಅಂಕಿ ತೋರಿಸಿತ್ತು. ಆ ಭಾನುವಾರದ ಸಂಗತಿಯನ್ನು ಹೇಳುವುದಕ್ಕಾಗಿಯೇ ಈ ಬರಹ ಎಂದರೂ ಸಲ್ಲುತ್ತದೆ. ಆದರೆ ಅದಕ್ಕೆ ಸ್ವಲ್ಪ ಹಿಂದಿನಿಂದ ಬರಬೇಕು.

‘ನಾವು’ ಎಂದು ಬರೆಯುವುದನ್ನು ಓದುಗರು ದೊಡ್ಡಸ್ತಿಕೆಯೆಂದು ತಿಳಿಯಬಾರದು. ಇನ್ಸುಲಿನ್ ಚುಚ್ಚಿಸಿಕೊಳ್ಳುವ ಮೈ ಒಂದೇ ಆದರೂ ನಡುರಾತ್ರಿ ಎರಡು ಗಂಟೆಗೆ ಏಳುವವರು ಇಬ್ಬರು. ಅನ್ನ ಅಳೆಯುವ ಕೈ ಒಂದು, ಉಣ್ಣುವ ಕೈ ಇನ್ನೊಂದು. ಈ ಕಾಯಿಲೆ ಮನೆ ಹೊಕ್ಕ ಮೇಲೆ ಏಕವಚನ ಬಹಳ ದಿನ ನಿಲ್ಲುವುದಿಲ್ಲ.

ಮಧುಮೇಹವೆಂದ ಕೂಡಲೆ ಜನರ ಕಣ್ಣಿಗೆ ಬರುವುದು ಐವತ್ತು ದಾಟಿದ, ಹೊಟ್ಟೆ ಬಂದ ಗೃಹಸ್ಥರು. ನಮ್ಮದು ಆ ಬಗೆಯದಲ್ಲ. ಇದಕ್ಕೆ ಟೈಪ್ ಒನ್ ಎಂದು ಹೆಸರು. ಮೈಯ ಕಾವಲಿಗೆಂದು ಇರುವ ಪಡೆಯೇ ದಾರಿತಪ್ಪಿ, ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಕಣಗಳನ್ನು ನಾಶಮಾಡಿಬಿಡುತ್ತದೆ. ಸಕ್ಕರೆ ತಿಂದದ್ದಕ್ಕೆ ಬರುವುದಲ್ಲ, ಪಥ್ಯ ಮಾಡಿದರೆ ಹೋಗುವುದಲ್ಲ. ಹೊರಗಿನಿಂದ ಇನ್ಸುಲಿನ್ ಕೊಡಬೇಕು, ದಿನವೂ ಕೊಡಬೇಕು, ಬದುಕಿರುವವರೆಗೆ ಕೊಡಬೇಕು. ನಮ್ಮಲ್ಲಿ ರಾತ್ರಿ ಒಂದು ಸಲ ಇಪ್ಪತ್ತನಾಲ್ಕು ಗಂಟೆಯ ಇನ್ಸುಲಿನ್, ಮೂರು ಊಟಕ್ಕೆ ಮೂರು ಸಲ ಬೇಗ ಕೆಲಸ ಮಾಡುವ ಇನ್ಸುಲಿನ್, ಹೀಗೆ ದಿನಕ್ಕೆ ನಾಲ್ಕು ಸೂಜಿ.

ಇದು ಬಂದದ್ದು ೨೦೦೮ರಲ್ಲಿ, ಧಾರವಾಡದಲ್ಲಿ, ಬಿ.ಎ. ಎರಡನೆಯ ವರ್ಷದಲ್ಲಿ, ಹತ್ತೊಂಬತ್ತರ ವಯಸ್ಸಿನಲ್ಲಿ. ಕೊಡಗಟ್ಟಲೆ ನೀರು ಕುಡಿಯುವುದು, ಗಳಿಗೆಗೊಮ್ಮೆ ಹೊರಗೆ ಹೋಗುವುದು, ಎರಡು ಪಟ್ಟು ಉಂಡರೂ ಹಸಿವು ಆರದಿರುವುದು. ಎರಡು ತಿಂಗಳಲ್ಲಿ ಹನ್ನೊಂದು ಕಿಲೊ ಇಳಿದೆವು. ಆ ದಿನಗಳಲ್ಲಿ ಮದುವೆಯೊಂದಕ್ಕೆ ಬಂದಿದ್ದ ಸೋದರತ್ತೆ ಪಂಗ್ತಿಯ ನಡುವೆಯೇ, “ಈಗ ನೋಡ್ರಿ, ಮೈ ಹಗುರಾಗಿ ಹುಡುಗ ಎಷ್ಟ ಚಂದ ಕಾಣಸ್ತಾನ!” ಎಂದು ಹೊಗಳಿದ್ದಳು. ಅದಾಗಿ ಒಂಬತ್ತನೆಯ ದಿನ ಆಸ್ಪತ್ರೆ ಸೇರಬೇಕಾಯಿತು. ಅತ್ತೆಯ ತಪ್ಪೇನೂ ಇಲ್ಲ. ತೆಳ್ಳಗಾದವರನ್ನು ಕಂಡರೆ ಹೊಗಳುವುದು ಲೋಕದ ರೂಢಿ. ಆದರೆ ಆ ಮಾತು ನಮ್ಮ ತಲೆಯಲ್ಲಿ ಎಲ್ಲೋ ಉಳಿದುಕೊಂಡಿರಬೇಕು.

ಇನ್ಸುಲಿನ್ ಶುರುವಾದೊಡನೆ ಹೋದ ಹನ್ನೊಂದು ಕಿಲೊ ಹಿಂದಿರುಗಿತು, ಹೋಗುವಾಗಿಗಿಂತ ಬೇಗ. ಬರುವಾಗ ನೆಂಟರನ್ನೂ ಕರೆದುಕೊಂಡು ಬಂತು. ಇದು ನಮ್ಮೊಬ್ಬರ ಅನುಭವವಲ್ಲ. ಅಮೆರಿಕ ಮತ್ತು ಕೆನಡಾಗಳ ೨೯ ಕೇಂದ್ರಗಳಲ್ಲಿ ೧,೪೪೧ ರೋಗಿಗಳ ಮೇಲೆ ನಡೆದ ದೊಡ್ಡ ಪರೀಕ್ಷೆಯೊಂದರ ಫಲ ೧೯೯೩ರಲ್ಲಿ ಪ್ರಕಟವಾಯಿತು. ಸಕ್ಕರೆಯನ್ನು ಬಿಗಿಯಾಗಿ ಹಿಡಿತದಲ್ಲಿಟ್ಟರೆ ಕಣ್ಣು, ಮೂತ್ರಪಿಂಡ, ನರಗಳಿಗೆ ಬರುವ ಕೇಡು ಬಹುಮಟ್ಟಿಗೆ ತಪ್ಪುತ್ತದೆಂದು ಅದರಿಂದ ಸಿದ್ಧವಾಯಿತು. ಅದೇ ಪರೀಕ್ಷೆಯಲ್ಲಿ, ಬಿಗಿ ಹಿಡಿತದವರು ಐದು ವರ್ಷದಲ್ಲಿ ಉಳಿದವರಿಗಿಂತ ಸರಾಸರಿ ೪.೬ ಕಿಲೊ ಹೆಚ್ಚು ತೂಗಿದರೆಂದೂ ದಾಖಲೆಯಾಗಿದೆ. ಕಾರಣ ಗೂಢವೇನಲ್ಲ. ಮೂತ್ರದಲ್ಲಿ ಹರಿದುಹೋಗುತ್ತಿದ್ದ ಸಕ್ಕರೆ ಈಗ ಮೈಯಲ್ಲೇ ಉಳಿಯುತ್ತದೆ. ಬಳಸದೆ ಉಳಿದದ್ದನ್ನು ಇನ್ಸುಲಿನ್ ಕೊಬ್ಬಾಗಿ ಕೂಡಿಡುತ್ತದೆ. ಲೆಕ್ಕ ಕೊಂಚ ತಪ್ಪಿ ಸಕ್ಕರೆ ಕುಸಿದರೆ, ಅದನ್ನು ಎತ್ತಲು ಮತ್ತೆ ತಿನ್ನಬೇಕು.

೨೦೧೩ರಲ್ಲಿ ನೌಕರಿಗಾಗಿ ಪುಣೆಗೆ ಬಂದೆವು. ಈ ಊರು ತಿನ್ನುವವರಿಗೆ ಒಳ್ಳೆಯ ಊರು. ಗಲ್ಲಿಗೊಂದು ‘ಅಮೃತತುಲ್ಯ’ ಚಹಾದ ಅಂಗಡಿ, ಅಲ್ಲಿ ಹಾಲು, ಸೊಪ್ಪು, ಸಕ್ಕರೆ ಮೂರೂ ಒಟ್ಟಿಗೆ ಕುದಿಯುತ್ತವೆ. ಸಕ್ಕರೆ ಬೇಡವೆಂದರೆ ಅಂಗಡಿಯವನು ನಮ್ಮನ್ನು ಮೇಲಿಂದ ಕೆಳಗೆ ನೋಡುತ್ತಾನೆ. ಉಪವಾಸವೆಂದರೆ ತುಪ್ಪದಲ್ಲಿ ಮಿನುಗುವ ಸಾಬೂದಾಣೆ ಖಿಚಡಿ. ಇದರ ಮೇಲೆ ನಮ್ಮ ಸಂಘದ ಊಟಗಳು: ಯುಗಾದಿಗೆ ಹೋಳಿಗೆ, ರಾಜ್ಯೋತ್ಸವಕ್ಕೆ ಚಿರೋಟಿ. ದೋಷವನ್ನು ಸಂಘದ ಮೇಲೆ ಹೊರಿಸುತ್ತಿಲ್ಲ. ಎರಡನೆಯ ಸಲ ಬಡಿಸಿಕೊಂಡವರು ನಾವೇ. ೨೦೨೪ರ ಜನವರಿಯಲ್ಲಿ ತೂಕ ೮೨ ಕಿಲೊ, ಎತ್ತರ ಐದು ಅಡಿ ಆರು ಇಂಚು. ಡಾಕ್ಟರ್ ಬಾಯಿಯವರು ಟೇಪು ಹಿಡಿದು ಸೊಂಟ ಅಳೆದರು: ೯೮ ಸೆಂಟಿಮೀಟರ್. ಭಾರತದ ಗಂಡಸರಿಗೆ ೯೦ ದಾಟಬಾರದು, ಹೆಂಗಸರಿಗೆ ೮೦ ದಾಟಬಾರದು ಎಂದರು.

“ಅಷ್ಟೇನೂ ದಪ್ಪ ಕಾಣುವುದಿಲ್ಲವಲ್ಲ” ಎಂದು ನಾವು ಗೊಣಗಿದೆವು. ಅದಕ್ಕೆ ಅವರು ನಮ್ಮೂರಿನದೇ ಒಂದು ಕಥೆ ಹೇಳಿದರು. ರಾಸ್ತಾ ಪೇಟೆಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಬಹುಕಾಲ ಮಧುಮೇಹದ ಸಂಶೋಧನೆ ನಡೆಸಿದ ಡಾಕ್ಟರ್ ಚಿತ್ತರಂಜನ ಯಾಜ್ಞಿಕ್ ಮತ್ತು ಲಂಡನ್ನಿನ ಅವರ ಮಿತ್ರ ಜಾನ್ ಯುಡ್ಕಿನ್ ಇಬ್ಬರೂ ಅಕ್ಕಪಕ್ಕ ನಿಂತ ಫೋಟೋ ೨೦೦೪ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅಚ್ಚಾಯಿತು. ಎತ್ತರಕ್ಕೆ ತಕ್ಕ ತೂಕದ ಅಂಕಿ ಇಬ್ಬರದೂ ಒಂದೇ, ೨೨.೩. ಆದರೆ ಮೈಯಲ್ಲಿದ್ದ ಕೊಬ್ಬು ಯುಡ್ಕಿನ್ನರಿಗೆ ನೂರಕ್ಕೆ ೯.೧, ಯಾಜ್ಞಿಕರಿಗೆ ೨೧.೨. ಅಂದರೆ ನೋಡಲು ಸಣ್ಣಗಿದ್ದರೂ ನಮ್ಮವರ ಒಳಗೆ ಕೊಬ್ಬು ಅವಿತಿರುತ್ತದೆ, ಅದೂ ಹೊಟ್ಟೆಯ ಸುತ್ತ. ಪುಣೆಯ ಸುತ್ತಲಿನ ಹಳ್ಳಿಗಳಲ್ಲಿ ಅವರು ೧೯೯೩ರಲ್ಲಿ ಆರಂಭಿಸಿದ ತಾಯಿ-ಮಕ್ಕಳ ಅಧ್ಯಯನದಲ್ಲಿ, ಇಲ್ಲಿಯ ಕೂಸುಗಳು ಹುಟ್ಟುವಾಗ ಇಂಗ್ಲೆಂಡಿನ ಕೂಸುಗಳಿಗಿಂತ ಎಷ್ಟೋ ಹಗುರವಾಗಿದ್ದರೂ ಅವುಗಳ ಕೊಬ್ಬು ಮಾತ್ರ ಅಷ್ಟಾಗಿ ಕಡಿಮೆಯಿರಲಿಲ್ಲವೆಂದು ಕಂಡುಬಂತಂತೆ. ಅವರ ಕೆಲಸವೆಲ್ಲ ಮುಖ್ಯವಾಗಿ ಆ ಇನ್ನೊಂದು ಬಗೆಯ ಮಧುಮೇಹದ ಕುರಿತದ್ದು. ಆದರೆ ಟೈಪ್ ಒನ್ ಇದ್ದವರಿಗೆ ಹೊಟ್ಟೆಯ ಕೊಬ್ಬು ಬರಬಾರದೆಂದು ಯಾರೂ ಬರೆದುಕೊಟ್ಟಿಲ್ಲ. ಬಂದರೆ ಇನ್ಸುಲಿನ್ ಹೆಚ್ಚು ಬೇಕಾಗುತ್ತದೆ, ಹೃದಯಕ್ಕೆ ಎರಡು ಕಡೆಯಿಂದ ಹೊರೆ ಬೀಳುತ್ತದೆ. ಕಥೆ ಕೇಳಿ ಸುಮ್ಮನಾದೆವು.

ಮೊದಲ ಐದೂವರೆ ಕಿಲೊ ಸಲೀಸಾಗಿಯೇ ಹೋಯಿತು. ಪರ್ವತಿ ಬೆಟ್ಟದ ಮೆಟ್ಟಿಲುಗಳು ೧೦೩. ಆನೆ ಹತ್ತುವಷ್ಟು ಅಗಲ. ವಾರಕ್ಕೆ ಮೂರು ದಿನ ಅವನ್ನು ಹತ್ತಿದೆವು. ಅನ್ನಕ್ಕೆ ಒಂದು ವಾಟಿ ಗೊತ್ತುಮಾಡಿದ್ದಾಯಿತು, ರಾತ್ರಿ ಎರಡೇ ಜೋಳದ ರೊಟ್ಟಿ, ಪಲ್ಯ ಬೇಕಾದಷ್ಟು. ಶೇಂಗಾ ಚಟ್ನಿಯ ಮೇಲೆ ಹಾಕುತ್ತಿದ್ದ ಎಣ್ಣೆ ಹನಿಗೆ ಇಳಿಯಿತು. ಇದನ್ನೆಲ್ಲ ನಾವು ಗುಮಾಸ್ತರ ಅಚ್ಚುಕಟ್ಟಿನಿಂದ ಒಂದು ರಿಜಿಸ್ಟರಿನಲ್ಲಿ ಬರೆದಿಟ್ಟೆವು: ತಾರೀಖು, ನಾಷ್ಟಾ, ಮಧ್ಯಾಹ್ನದ ಊಟ, ರಾತ್ರಿಯ ಊಟ, ನಡಿಗೆ, ಇನ್ಸುಲಿನ್ ಎಷ್ಟು ಯೂನಿಟ್ಟು. ಆರಂಭದಲ್ಲಿ ಇಳಿಯುವುದರಲ್ಲಿ ನೀರಿನ ಪಾಲು ದೊಡ್ಡದೆಂದು ಆಮೇಲೆ ತಿಳಿಯಿತು. ಮೈ ಕೂಡಿಟ್ಟ ಪಿಷ್ಟ ಕರಗುವಾಗ, ಒಂದು ಗ್ರಾಮಿಗೆ ಸುಮಾರು ಮೂರು ಗ್ರಾಮು ನೀರನ್ನು ಜೊತೆಯಲ್ಲಿ ಕರೆದುಕೊಂಡು ಹೋಗುತ್ತದೆ. ಆದರೂ ಕಚೇರಿಯಲ್ಲಿ ನಾಲ್ಕು ಜನ ಗುರುತಿಸಿ ಕೇಳಿದಾಗ ನಾವು ನೀರಿನ ಮಾತು ಎತ್ತಲಿಲ್ಲ.

ಜೂನ್ ನಡುವೆ ಯಂತ್ರ ನಿಂತುಬಿಟ್ಟಿತು.

ಇಂಥ ಹೊತ್ತಿನಲ್ಲಿ ಸಲಹೆಗೆ ಬರ ಬರುವುದಿಲ್ಲ. ಪಕ್ಕದ ಮೇಜಿನವರು ಮೆಂತ್ಯ ನೆನೆಸಿದ ನೀರು ಎಂದರು. ಕೆಳಗಿನ ಮನೆಯ ಆಜಿ ಹಾಗಲಕಾಯಿ ರಸ ತಾವೇ ಹಿಂಡಿ ತಂದುಕೊಟ್ಟರು. ಅವರ ಪ್ರೀತಿಗೆ ಬೆಲೆ ಕಟ್ಟಲಾಗದು, ರಸವನ್ನು ಮಾತ್ರ ಕುಡಿಯಲಾಗದು. ಹಳೆಯ ಪರಿಚಯದವರೊಬ್ಬರು ಯಾವುದೋ ಬೇರಿನ ಪುಡಿಯನ್ನು ಹೊಗಳಿ, “ಇದನ್ನು ಹಿಡಿಯಿರಿ, ಇನ್ಸುಲಿನ್ ಬಿಡಿ, ತೂಕ ತಾನಾಗಿ ಇಳಿಯುತ್ತದೆ” ಎಂದರು. ಮೊದಲ ಎರಡು ಸಲಹೆಗೆ ನಕ್ಕುಬಿಡಬಹುದು. ಮೂರನೆಯದು ನಗುವ ಮಾತಲ್ಲ. ಟೈಪ್ ಒನ್ ಇರುವ ಎಷ್ಟೋ ಮಕ್ಕಳನ್ನು ಇಂಥ ಮಾತು ಬಲಿ ತೆಗೆದುಕೊಂಡಿದೆ. ನಮ್ಮ ಸಂಘದ ಕುಟುಂಬಗಳಲ್ಲಿ ಯಾರಾದರೂ ಹೀಗೆ ಹೇಳುವುದನ್ನು ಕೇಳಿದರೆ, ದಯವಿಟ್ಟು ಸೌಜನ್ಯಕ್ಕಾಗಿ ತಲೆದೂಗಬೇಡಿ.

ನಮ್ಮ ಸ್ವಂತ ಬುದ್ಧಿ ಸೂಚಿಸಿದ್ದು ನಡಿಗೆ ಹೆಚ್ಚಿಸುವುದನ್ನು. ಕಚೇರಿ ಮುಗಿದ ಮೇಲೆ ದಿನವೂ ಮುಕ್ಕಾಲು ಗಂಟೆ, ಮಳೆಯಿದ್ದರೆ ಕೊಡೆ ಹಿಡಿದು. ಜುಲೈ ತಿಂಗಳಿನ ರಿಜಿಸ್ಟರು ನೋಡಿದರೆ ಯಾವ ಲೆಕ್ಕ ತನಿಖೆಯವರೂ ಮೆಚ್ಚಬೇಕು. ಆದರೆ ತೂಕ ೭೬.೪. ಮೇಲಾಗಿ ಒಂದು ಹೊಸ ಉಪದ್ರವ ಸೇರಿಕೊಂಡಿತು: ರಾತ್ರಿ ಸಕ್ಕರೆ ಕುಸಿಯುವುದು.

ಅದನ್ನು ಅನುಭವಿಸದವರಿಗೆ ವಿವರಿಸುವುದು ಕಷ್ಟ. ಒಂದೂವರೆ, ಎರಡು ಗಂಟೆಗೆ ಮೈಯೆಲ್ಲ ಬೆವರಿ ಎಚ್ಚರವಾಗುತ್ತದೆ. ಕೈ ನಡುಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ತಾನು ಎಲ್ಲಿದ್ದೇನೆಂಬುದು ಅರೆಗಳಿಗೆ ತಿಳಿಯುವುದಿಲ್ಲ. ರಕ್ತದಲ್ಲಿ ೭೦ಕ್ಕಿಂತ ಕೆಳಗಿಳಿದರೆ ಎಚ್ಚರಿಕೆ. ನಾವು ೪೮, ೫೧ ನೋಡಿದ್ದೇವೆ. ಆಗ ಹತ್ತುವುದು ಸಾಮಾನ್ಯ ಹಸಿವಲ್ಲ. ಮಿದುಳು ತನ್ನ ಅನ್ನಕ್ಕಾಗಿ ಕೂಗುತ್ತಿರುತ್ತದೆ. ನಿಯಮವೇನೋ ಸರಳವಾಗಿದೆ: ಹದಿನೈದು ಗ್ರಾಮು ಗ್ಲುಕೋಸು ತೆಗೆದುಕೊಂಡು ಹದಿನೈದು ನಿಮಿಷ ಕಾದು ಮತ್ತೆ ಪರೀಕ್ಷಿಸಬೇಕು. ಆದರೆ ಬೆವರಿನಲ್ಲಿ ತೊಯ್ದು ನಡುಗುವವನಿಗೆ ಹದಿನೈದು ನಿಮಿಷ ಕಾಯಿರಿ ಎನ್ನುವುದು, ಮುಳುಗುವವನಿಗೆ ಅರ್ಜಿ ಬರೆದುಕೊಡಿ ಎಂದಂತೆ. ಮನೆಯಾಕೆ ಗ್ಲುಕೋಸು ಕಲಸಿ ಕುಡಿಸುವಳು. ಅದು ಹೊಟ್ಟೆಗಿಳಿಯುವ ಮುಂಚೆಯೇ ನಾವು ಡಬ್ಬಿಗೆ ಕೈ ಹಾಕಿ ಬಿಸ್ಕತ್ತು ಮುಗಿಸಿ, ಬಾಳೆಹಣ್ಣಿಗೆ ಬರುವೆವು. ಬೆಳಿಗ್ಗೆ ಕೇಳಿದರೆ ತಿಂದದ್ದು ಸರಿಯಾಗಿ ನೆನಪಿರುತ್ತಿರಲಿಲ್ಲ.

ಆಗಸ್ಟ್ ಬಂತು. ೯ನೇ ತಾರೀಖು ನಾಗಪಂಚಮಿ. ಪದ್ಧತಿಯಂತೆ ಧಾರವಾಡದಿಂದ ಅವ್ವ ಉಂಡಿಯ ಡಬ್ಬಿ ಕಳಿಸಿದ್ದಳು: ಶೇಂಗಾ, ಎಳ್ಳು, ಬೇಸನ್, ಅಳ್ಳಿಟ್ಟು, ನಾಲ್ಕು ಬಗೆ. ನಾವು ಒಂದನ್ನೂ ಮುಟ್ಟದೆ ಮಗಳಿಗೂ ನೆರೆಮನೆಗಳಿಗೂ ಹಂಚಿದೆವು. ಅಷ್ಟು ಮಾಡಿದ ಮೇಲೂ ಯಂತ್ರ ಜಗ್ಗಲಿಲ್ಲವಲ್ಲ ಎಂಬ ಸಂಕಟ ಮನಸ್ಸಿನಲ್ಲಿ ಕೊರೆಯುತ್ತಿತ್ತು. ಆಗ ಬಂತು ಆ ಯೋಚನೆ. ಎಲ್ಲಿಂದ ಬಂತೆಂದು ಹೇಳಲಾರೆವು. ಬಹುಶಃ ೨೦೦೮ರ ಆ ಮದುವೆಮನೆಯಿಂದಲೇ ಬಂದಿರಬೇಕು. ಇನ್ಸುಲಿನ್ ಇಲ್ಲದಾಗ ಎರಡು ತಿಂಗಳಲ್ಲಿ ಹನ್ನೊಂದು ಕಿಲೊ ಹೋಗಿತ್ತಲ್ಲವೇ? ಪೂರ್ತಿ ಬಿಡುವುದು ಬೇಡ, ರಾತ್ರಿಯದೊಂದನ್ನು ಬಿಟ್ಟರೆ? ರಾತ್ರಿ ಸಕ್ಕರೆ ಕುಸಿಯುವುದೂ ತಪ್ಪಿತು, ತೂಕವೂ ಇಳಿಯಿತು!

ಗುರುವಾರ ಬಿಟ್ಟೆವು. ಶುಕ್ರವಾರ ಬಿಟ್ಟೆವು. ಶನಿವಾರವೂ ಬಿಟ್ಟೆವು. ಮನೆಯಾಕೆಗೆ ಹೇಳಲಿಲ್ಲ. ಪೆನ್ನು ಹಿಡಿದು ಒಳಕೋಣೆಗೆ ಹೋಗಿ, ಸ್ವಲ್ಪ ಹೊತ್ತು ನಿಂತು, ಹೊರಗೆ ಬಂದೆವು. ಈ ಒಂದು ವಾಕ್ಯದಲ್ಲಿ ಮಾತ್ರ ‘ನಾವು’ ಸುಳ್ಳು. ಆ ಮೂರು ರಾತ್ರಿ ನಾವು ಒಬ್ಬರೇ ಆಗಿದ್ದೆವು.

ಭಾನುವಾರ ಬೆಳಿಗ್ಗೆ ಯಂತ್ರ ೭೪.೫ ಎಂದಿತು. ಹಿಗ್ಗಿನಲ್ಲಿ ಮಗಳನ್ನು ಕರೆದು ತೋರಿಸಿದೆವು. ಬಾಯಾರಿಕೆ ಇತ್ತು, ತಲೆ ಭಾರವಿತ್ತು, ಲೆಕ್ಕಕ್ಕೆ ಹಿಡಿಯಲಿಲ್ಲ. ಹನ್ನೊಂದು ಗಂಟೆಗೆ ವಾಂತಿ ಶುರುವಾಯಿತು. ಉಸಿರು ದೀರ್ಘವಾಗಿ, ಓಡಿಬಂದವನಂತೆ ಎಳೆಯತೊಡಗಿತು. ಹತ್ತಿರ ಬಗ್ಗಿದ ಮನೆಯಾಕೆ, “ರೀ, ನಿಮ್ಮ ಬಾಯಿಂದ ಕೊಳೆತ ಹಣ್ಣಿನ ವಾಸನಿ ಬರ್ಲಿಕ್ಕತ್ತದ” ಎಂದು ಬೆಚ್ಚಿ, ಮರುಮಾತಾಡದೆ ರಿಕ್ಷಾ ತರಿಸಿದಳು. ಆ ವಾಸನೆಯ ಅರ್ಥವನ್ನು ಆಕೆ ಎಂದೋ ಓದಿಟ್ಟುಕೊಂಡಿದ್ದಳು. ಇನ್ಸುಲಿನ್ ಇಲ್ಲದೆ ಸಕ್ಕರೆಯನ್ನು ಬಳಸಲಾರದ ಮೈ ಕೊಬ್ಬನ್ನು ಎಗ್ಗಿಲ್ಲದೆ ಕರಗಿಸಿ, ಅದರಿಂದ ಹುಟ್ಟಿದ ಕೀಟೋನುಗಳಿಂದ ರಕ್ತವನ್ನೇ ಆಮ್ಲವಾಗಿಸುತ್ತದೆ. ತಡವಾದರೆ ಪ್ರಾಣ ಹೋಗುತ್ತದೆ. ಸಕ್ಕರೆ ೪೩೦ ಇತ್ತು. ಎರಡು ಹಗಲು ಎರಡು ರಾತ್ರಿ ಸಲೈನು ಮತ್ತು ಇನ್ಸುಲಿನ್ ನರಕ್ಕೆ ಹರಿಯಿತು.

ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದ್ದಾಗ ಹಿಂದೆ ಓದಿದ್ದು ನೆನಪಾಯಿತು. ೧೯೨೨ರ ಜನವರಿ ೧೧ರಂದು ಕೆನಡಾದ ಟೊರಾಂಟೊದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ ಹದಿನಾಲ್ಕರ ಹುಡುಗನಿಗೆ ಮೊದಲ ಇನ್ಸುಲಿನ್ ಸೂಜಿ ಚುಚ್ಚಿದರು. ಅವನ ತೂಕ ಆಗ ೬೫ ಪೌಂಡು, ನಮ್ಮ ಲೆಕ್ಕದಲ್ಲಿ ಮೂವತ್ತು ಕಿಲೊ ಕೂಡ ಇಲ್ಲ. ಅದಕ್ಕೆ ಮುಂಚೆ ಈ ರೋಗಕ್ಕಿದ್ದ ದೊಡ್ಡ ಚಿಕಿತ್ಸೆಯೆಂದರೆ ಅಮೆರಿಕದ ಡಾಕ್ಟರ್ ಅಲೆನ್ ಅವರ ಉಪವಾಸ ಕ್ರಮ. ಮಕ್ಕಳನ್ನು ಎಲುಬಿನ ಹಂದರವಾಗುವವರೆಗೆ ಹಸಿವಿನಲ್ಲಿಟ್ಟು ಕೆಲವು ತಿಂಗಳ ಆಯುಸ್ಸನ್ನು ಕೊಂಡುಕೊಳ್ಳುವುದು. ಇನ್ಸುಲಿನ್ ಸಿಕ್ಕ ಮೇಲೆ ಆ ಮಕ್ಕಳು ಮೈತುಂಬಿಕೊಂಡದ್ದನ್ನು ಕಂಡು ತಾಯಂದಿರು ಅತ್ತರಂತೆ. ಅದೇ ಔಷಧಿಯನ್ನು ತೆಳ್ಳಗಾಗಲೆಂದು ನಾವು ಬದಿಗಿಟ್ಟಿದ್ದೆವು.

ಡಾಕ್ಟರ್ ಬಾಯಿಯವರು ಬೈಯಲಿಲ್ಲ. ತೂಕಕ್ಕಾಗಿ ಇನ್ಸುಲಿನ್ ಬಿಡುವವರು ನಾವು ಮೊದಲಿನವರಲ್ಲ, ಹರೆಯದ ಹುಡುಗಿಯರಲ್ಲಿ ಇದು ಹೆಚ್ಚು, ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ ಎಂದರು. “ಆ ಎರಡು ಕಿಲೊ ಬಹುಪಾಲು ನೀರು. ಮುಂದಿನ ಭಾನುವಾರ ನೋಡಿ” ಎಂದೂ ಸೇರಿಸಿದರು. ನೋಡಿದೆವು: ೭೬.೬.

ಬಿಡುಗಡೆಯಾದ ವಾರದಲ್ಲಿ ಮತ್ತೆ ಹೋದಾಗ ಅವರು ರಿಜಿಸ್ಟರು ಕೇಳಿದರು. ನಾವು ಹೆಮ್ಮೆಯಿಂದಲೇ ಮುಂದಿಟ್ಟೆವು. ಪುಟ ತಿರುಗಿಸಿ ಅವರು, “ಇಷ್ಟೇ ತಿಂದಿದ್ದರೆ ತೂಕ ಇಳಿಯಲೇಬೇಕಿತ್ತು. ಬೇರೆ ಏನೂ ಇಲ್ಲವೇ?” ಎಂದರು. “ಇಲ್ಲ” ಎಂದೆವು. ಆಗ ಮನೆಯಾಕೆ ಚೀಲದಿಂದ ಮಗಳ ಹಳೆಯ ನೋಟುಬುಕ್ಕೊಂದನ್ನು ತೆಗೆದಳು. ಅದರ ಹಿಂಬದಿಯ ಹಾಳೆಗಳಲ್ಲಿ ನಿದ್ದೆಗಣ್ಣಿನ ಅಕ್ಷರದಲ್ಲಿ ಬರೆದಿತ್ತು: ಜುಲೈ ೩, ೧-೫೦, ಸಕ್ಕರೆ ೫೪, ಗ್ಲುಕೋಸು ಐದು ಚಮಚ, ಬಿಸ್ಕತ್ತು ನಾಲ್ಕು, ಬಾಳೆಹಣ್ಣು ಒಂದು. ಜುಲೈ ೫, ೨-೧೫, ಸಕ್ಕರೆ ೪೮. ಹೀಗೆ ಆ ಒಂದು ತಿಂಗಳಲ್ಲೇ ಹದಿನೆಂಟು ರಾತ್ರಿ. ಬೆಳಿಗ್ಗೆ ನಮಗೆ ನೆನಪಿರುವುದಿಲ್ಲವೆಂದು, ಎಂದಾದರೂ ಡಾಕ್ಟರು ಕೇಳಿದರೆ ಬೇಕಾದೀತೆಂದು ಬರೆದಿಟ್ಟಿದ್ದಳಂತೆ.

ನಮ್ಮ ರಿಜಿಸ್ಟರಿನಲ್ಲಿ ಇದೊಂದೂ ಇರಲಿಲ್ಲ. ಮುಚ್ಚಿಟ್ಟದ್ದಲ್ಲ. ಔಷಧಿಯೆಂದು ತಿಂದದ್ದನ್ನು ಊಟದ ಕಲಮಿನಲ್ಲಿ ಯಾರಾದರೂ ಬರೆಯುತ್ತಾರೆಯೇ? ನಮ್ಮ ತಂದೆಯವರು ತಾಲ್ಲೂಕು ಕಚೇರಿಯಲ್ಲಿದ್ದರು. ಯಾವ ಬಾಬಿಗೂ ಸೇರದ ಸಣ್ಣಪುಟ್ಟ ಖರ್ಚಿಗೆ, ಅಂದರೆ ದಾರ, ಅಂಟು, ಸೀಮೆಎಣ್ಣೆ, ಅಕಸ್ಮಾತ್ತಾಗಿ ಬಂದ ಸಾಹೇಬರ ಚಹಾ ಇಂಥವಕ್ಕೆ, ‘ಸಾದಿಲ್ವಾರು’ ಎಂಬ ಬೇರೆ ಲೆಕ್ಕವಿರುತ್ತಿತ್ತು. ಕಚೇರಿಯನ್ನು ಮುಳುಗಿಸುವುದು ಸಂಬಳದ ಬಾಬಲ್ಲ, ಸಾದಿಲ್ವಾರು ಎಂದು ಅವರು ಹೇಳುತ್ತಿದ್ದರು. ಆ ಮಾತು ಡಾಕ್ಟರರ ಮೇಜಿನ ಮುಂದೆ ಥಟ್ಟನೆ ನೆನಪಾಯಿತು.

ಲೆಕ್ಕ ಅಲ್ಲೇ ಕೂಡಿದೆವು. ಐದು ಚಮಚ ಗ್ಲುಕೋಸು ಸುಮಾರು ನೂರು ಕ್ಯಾಲರಿ, ನಾಲ್ಕು ಸಣ್ಣ ಬಿಸ್ಕತ್ತು ಇನ್ನೊಂದು ನೂರು, ಬಾಳೆಹಣ್ಣು ಮತ್ತೊಂದು ನೂರು. ರಾತ್ರಿಗೆ ಮುನ್ನೂರು, ಹದಿನೆಂಟು ರಾತ್ರಿಗೆ ೫,೪೦೦. ನಿಯಮದಂತೆ ಹದಿನೈದು ಗ್ರಾಮು ತೆಗೆದುಕೊಂಡು ಕಾದಿದ್ದರೆ ಒಂದು ಸಲಕ್ಕೆ ಅರವತ್ತು ಕ್ಯಾಲರಿ ಸಾಕಿತ್ತು. ಒಂದು ಕಿಲೊ ಕೊಬ್ಬಿಗೆ ಸ್ಥೂಲವಾಗಿ ೭,೭೦೦ ಕ್ಯಾಲರಿ ಎಂದು ಹಿಡಿದರೂ, ತಿಂಗಳಿಗೆ ಮುಕ್ಕಾಲು ಕಿಲೊದ ಸಮೀಪಕ್ಕೆ ಬಂತು. ಹಗಲು ಕೊಡೆ ಹಿಡಿದು ನಡೆದು ಉಳಿಸಿದ್ದನ್ನೆಲ್ಲ ನಡುರಾತ್ರಿ ಕತ್ತಲಲ್ಲಿ ನಿಂತು ಖರ್ಚು ಮಾಡುತ್ತಿದ್ದೆವು.

ಇನ್ನೂ ವಿಚಿತ್ರವೆಂದರೆ, ನಡಿಗೆಯೇ ಆ ಖರ್ಚನ್ನು ಹುಟ್ಟಿಸುತ್ತಿತ್ತು. ವ್ಯಾಯಾಮ ಮಾಡಿದ ಮೈ ಇನ್ಸುಲಿನ್ನಿಗೆ ಹೆಚ್ಚು ಸ್ಪಂದಿಸುತ್ತದೆ. ಆ ಪರಿಣಾಮ ಮರುದಿನದವರೆಗೂ ಇರಬಲ್ಲದು. ಸಂಜೆ ನಡೆದರೆ ಅದರ ಬಿಸಿ ತಟ್ಟುವುದು ನಡುರಾತ್ರಿ. ಮೈ ಹಗುರಾದಷ್ಟೂ ಇನ್ಸುಲಿನ್ ಕಡಿಮೆ ಸಾಕು. ನಾವೋ, ೮೨ ಕಿಲೊದ ಮನುಷ್ಯನಿಗೆ ಬರೆದುಕೊಟ್ಟ ದಿನಕ್ಕೆ ೫೨ ಯೂನಿಟ್ಟನ್ನು, ಅದರಲ್ಲಿ ರಾತ್ರಿಯ ೨೬ನ್ನು, ಒಂದು ಯೂನಿಟ್ಟೂ ಬದಲಿಸದೆ ಹಾಕಿಕೊಳ್ಳುತ್ತಿದ್ದೆವು. ಮಂಜೂರಾದ ಅಂಕಿಯನ್ನು ತಿದ್ದುವುದು ಗುಮಾಸ್ತರ ಸ್ವಭಾವದಲ್ಲೇ ಇಲ್ಲ. “ಇಷ್ಟು ದಿನ ನೀವು ಉಂಡದ್ದು ನಿಮಗಾಗಿ ಅಲ್ಲ, ಇನ್ಸುಲಿನ್ನಿಗಾಗಿ” ಎಂದರು ಡಾಕ್ಟರ್ ಬಾಯಿ. ತೂಕ ಇಳಿದವರಿಗೆ ಮೈಯ ಖರ್ಚೂ ಇಳಿಯುವುದರಿಂದ ಎಲ್ಲರಿಗೂ ಒಂದು ಹಂತದಲ್ಲಿ ಮುಳ್ಳು ನಿಲ್ಲುತ್ತದೆ, ಆದರೆ ನಿಮ್ಮದು ಅಷ್ಟೇ ಅಲ್ಲ ಎಂದರು.

ನಾವು ಮಾಡಿದ ತಪ್ಪಿಗೂ ಅವರು ಹೇಳಿದ ಉಪಾಯಕ್ಕೂ ಹೊರನೋಟಕ್ಕೆ ಸಾಮ್ಯವಿದೆ. ಎರಡರಲ್ಲೂ ಇನ್ಸುಲಿನ್ ಕಡಿಮೆಯಾಗುತ್ತದೆ. ಆದ್ದರಿಂದ ಇದನ್ನು ಸ್ಪಷ್ಟವಾಗಿ ಹೇಳಬೇಕು. ನಾವು ರಾತ್ರಿಯದನ್ನು ಪೂರ್ತಿ ಬಿಟ್ಟಿದ್ದೆವು. ಅದು ಮೈಯನ್ನು ಸುಡುತ್ತದೆ. ಅವರು ಎರಡು ವಾರ ತೋಳಿಗೆ ಅಂಟಿಕೊಂಡಿರುವ ಸೆನ್ಸಾರ್ ಹಾಕಿ, ರಾತ್ರಿ ಒಂದರಿಂದ ಮೂರರವರೆಗೆ ಸಕ್ಕರೆಯ ಗೆರೆ ಬಾವಿಗೆ ಬೀಳುವುದನ್ನು ಕಣ್ಣಾರೆ ನೋಡಿ, ೨೬ನ್ನು ೨೩ಕ್ಕೆ, ಆಮೇಲೆ ೨೧ಕ್ಕೆ ಇಳಿಸಿದರು. ನಡಿಗೆಯನ್ನು ಬೆಳಗಿನ ಬರಿಹೊಟ್ಟೆಗೆ ಬದಲಿಸಿದರು. ಆಗ ಊಟದ ಇನ್ಸುಲಿನ್ ಮೈಯಲ್ಲಿ ಇರುವುದಿಲ್ಲ, ಕುಸಿಯುವ ಭಯ ಕಡಿಮೆ. ಈ ಅಂಕಿಗಳನ್ನು ಯಾರೂ ತಮ್ಮ ಮೈಗೆ ನಕಲು ಮಾಡಿಕೊಳ್ಳಬಾರದು. ಇವು ನಮ್ಮೊಬ್ಬರ ಅಳತೆಯ ಅಂಗಿ.

ಉಳಿದ ಕೆಲಸ ಮನೆಯಲ್ಲಿ ಆಯಿತು. ಅಡಿಗೆಮನೆಯ ಸಣ್ಣ ತಕ್ಕಡಿಯಲ್ಲಿ ಗ್ಲುಕೋಸನ್ನು ಹದಿನೈದು ಹದಿನೈದು ಗ್ರಾಮಾಗಿ ತೂಗಿ, ಎಂಟು ವರ್ಷದ ಮಗಳು ಕಾಗದದಲ್ಲಿ ಪೊಟ್ಟಣ ಕಟ್ಟಿದಳು, ಕಿರಾಣಿ ಅಂಗಡಿಯವರು ಕಟ್ಟುವ ಹಾಗೆ. ಹತ್ತು ಪೊಟ್ಟಣ ಒಂದು ಡಬ್ಬಿಯಲ್ಲಿ. ಬಿಸ್ಕತ್ತಿನ ಡಬ್ಬಿ ಮಲಗುವ ಕೋಣೆಯಿಂದ ವರ್ಗವಾಯಿತು. ಕುಸಿದ ರಾತ್ರಿ ಒಂದು ಪೊಟ್ಟಣ, ಆಮೇಲೆ ಕಾಯುವುದು. ಆ ಹದಿನೈದು ನಿಮಿಷ ಕಳೆಯುವುದೇ ಇಡೀ ಸಾಹಸದಲ್ಲಿ ಕಷ್ಟದ ಭಾಗ. ಮನೆಯಾಕೆ ಗಡಿಯಾರ ಹಿಡಿದು ಎದುರಿಗೆ ಕೂರುತ್ತಾಳೆ. ಮಾತಿಗೆ ಏನಾದರೂ ಬೇಕಲ್ಲ, ಧಾರವಾಡದ ಓಣಿಯ ಮನೆಗಳನ್ನು ಒಂದೊಂದಾಗಿ ಹೆಸರು ಹಿಡಿದು ಎಣಿಸುತ್ತೇವೆ. ಲೈನ್ ಬಜಾರಿನಿಂದ ಹೊರಟರೆ ಮನೆ ತಲಪುವಷ್ಟರಲ್ಲಿ ನಡುಕ ನಿಂತಿರುತ್ತದೆ. ಒಂದು ರಾತ್ರಿ, ನಾವು ಬೇಡಿಕೊಂಡರೂ ಎರಡನೆಯ ಪೊಟ್ಟಣ ಕೊಡದೆ ಆಕೆ ಅತ್ತಳು. ನಿಮಿಷ ಮುಗಿದಾಗ ೯೨ ಬಂದಿತ್ತು.

ಸೆಪ್ಟೆಂಬರ್ ೮ರ ಭಾನುವಾರ, ಗಣೇಶ ಚತುರ್ಥಿಯ ಮರುದಿನ, ಯಂತ್ರ ೭೫.೯ ಎಂದಿತು. ಅದೂ ಎರಡು ಮೋದಕ ತಿಂದ ಮೇಲೆ. (ಲೆಕ್ಕ ಹಾಕಿ, ಇನ್ಸುಲಿನ್ ಹಾಕಿ ತಿಂದದ್ದು.) ನಾವು ನಂಬದೆ ಕೆಳಗಿಳಿದು ಮತ್ತೆ ಹತ್ತಿದೆವು. ದೀಪಾವಳಿಯಲ್ಲಿ ಸ್ವಲ್ಪ ಏರಿತು, ಮತ್ತೆ ಇಳಿಯಿತು. ೨೦೨೫ರ ಜನವರಿಗೆ ೭೨.೮. ಸೊಂಟ ೮೯. ಮೂರು ತಿಂಗಳ ಸರಾಸರಿ ತೋರಿಸುವ ರಕ್ತಪರೀಕ್ಷೆ ೭.೯ರಿಂದ ೭.೧ಕ್ಕೆ ಬಂದಿತ್ತು. ೭೦ ಎಂದು ನಾವು ಇಟ್ಟುಕೊಂಡ ಗುರಿಯ ಮಾತೆತ್ತಿದಾಗ ಡಾಕ್ಟರ್ ಬಾಯಿಯವರು ಆ ಅಂಕಿ ಎಲ್ಲಿಂದ ತಂದಿರಿ ಎಂದು ಕೇಳಿದರು. ಉತ್ತರ ನಮಗೂ ತಿಳಿಯಲಿಲ್ಲ. ದುಂಡಗಿದೆಯೆಂದು ಇಟ್ಟುಕೊಂಡಿದ್ದೆವೋ ಏನೋ.

ಆಮೇಲೆ ತೂಕ ೭೨ರ ಹತ್ತಿರ ಮತ್ತೆ ನಿಂತಿದೆ. ಈ ಸಲ ಯಾರೂ ಯಂತ್ರದ ಮೇಲೆ ಸಿಟ್ಟು ಮಾಡುತ್ತಿಲ್ಲ. ರಿಜಿಸ್ಟರಿಗೆ ಕೊನೆಯಲ್ಲಿ ಒಂದು ಹೊಸ ಕಲಮು ಎಳೆದಿದ್ದೇವೆ, ತಲೆಬರಹ ‘ಸಾದಿಲ್ವಾರು’. ಅದನ್ನು ತುಂಬುವ ಅಧಿಕಾರ ಮನೆಯಾಕೆಯದು. ಶನಿವಾರ ಸಂಜೆ ಮಗಳು ಡಬ್ಬಿ ತೆರೆದು, ಖರ್ಚಾದಷ್ಟು ಪೊಟ್ಟಣ ಹೊಸದಾಗಿ ಕಟ್ಟಿಡುತ್ತಾಳೆ. ಕಳೆದ ಶನಿವಾರ ತೆರೆದು ನೋಡಿ, “ಅಪ್ಪಾ, ಈ ವಾರ ನನಗ ಕೆಲಸಾನ ಇಲ್ಲ, ಒಂಬತ್ತು ಹಾಂಗ ಅದಾವು” ಎಂದು ಮುಖ ಸಣ್ಣದು ಮಾಡಿಕೊಂಡು ಒಂದೇ ಒಂದು ಕಟ್ಟಿದಳು.